ಒಂದೆಲಗ, ನುಗ್ಗೆ, ಬಜೆ: ಮಕ್ಕಳ ಪೋಷಣೆಯ ಪ್ರಬಂಧಕ್ಕೆ ಯಾವ ಪರೀಕ್ಷೆಗಳನ್ನು ಮಾಡಬೇಕು?

ಶ್ರುತಿ, ಶಿರಸಿ

ಎಲ್ಲರಿಗೂ ನಮಸ್ಕಾರ. ನಾನು ಜೀವರಸಾಯನ ಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಆಹಾರವೆಂದೋ ಮದ್ದೆಂದೋ ಕೊಡುವ ಸಸ್ಯಗಳನ್ನು ಪ್ರಬಂಧದ ವಿಷಯವಾಗಿ ಆರಿಸಿಕೊಂಡಿದ್ದೇನೆ. ಒಂದೆಲಗ, ನುಗ್ಗೆ ಸೊಪ್ಪು, ಹೊನಗೊನೆ, ದೊಡ್ಡಪತ್ರೆ, ಅಮೃತಬಳ್ಳಿ ಮತ್ತು ಬಜೆ ಸದ್ಯದ ಪಟ್ಟಿಯಲ್ಲಿವೆ. ಇವುಗಳೊಂದಿಗೆ ರಾಗಿ ಮಣ್ಣಿಯನ್ನೂ (ಮಕ್ಕಳಿಗೆ ಉಣಿಸುವ ರಾಗಿ ಹಿಟ್ಟಿನ ತಿನಿಸು) ಸೇರಿಸಬೇಕೆಂಬ ಆಲೋಚನೆಯಿದೆ.

ಎಲೆಗಳನ್ನು ನೆರಳಿನಲ್ಲಿ ಒಣಗಿಸಿ, ಮೆಥನಾಲ್‌ನಲ್ಲಿ ಸಾರ ತೆಗೆದು, ಒಟ್ಟು ಫೀನಾಲ್, ಫ್ಲೇವನಾಯ್ಡ್ ಮತ್ತು ಡಿಪಿಪಿಎಚ್ ವಿಧಾನದಿಂದ ಉತ್ಕರ್ಷಣ ನಿರೋಧಕ ಸಾಮರ್ಥ್ಯವನ್ನು ಅಳೆದರೆ ಪ್ರಬಂಧಕ್ಕೆ ಸಾಕಾಗುತ್ತದೆ ಎಂಬುದು ನಮ್ಮ ವಿಭಾಗದಲ್ಲಿ ನಡೆದುಬಂದ ಕ್ರಮ. ಹಿಂದಿನ ಹಲವು ಪ್ರಬಂಧಗಳು ಇದೇ ರೀತಿಯಲ್ಲಿವೆ. ಆದರೆ ಇಷ್ಟನ್ನು ಅಳೆದ ಮೇಲೆ 'ಮಕ್ಕಳ ಪೋಷಣೆ' ಎಂಬ ಮಾತನ್ನು ಶೀರ್ಷಿಕೆಯಲ್ಲಿ ಇಟ್ಟುಕೊಳ್ಳುವುದಕ್ಕೆ ನನಗೆ ಧೈರ್ಯ ಬರುತ್ತಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಸ್ಪೆಕ್ಟ್ರೋಫೋಟೋಮೀಟರ್, ಸೆಂಟ್ರಿಫ್ಯೂಜ್, ಮಫಲ್ ಫರ್ನೇಸ್ ಮತ್ತು ಅಲುಗಾಡುವ ವಾಟರ್ ಬಾತ್ ಇವೆ; ದೊಡ್ಡ ಉಪಕರಣಗಳಿಲ್ಲ. ಇಷ್ಟರಲ್ಲಿ ಮಗುವಿಗೆ ಸಂಬಂಧಿಸಿದಂತೆ ಏನನ್ನಾದರೂ ಪ್ರಾಮಾಣಿಕವಾಗಿ ಹೇಳಬಲ್ಲ ಪರೀಕ್ಷೆ ಯಾವುದು? ಹತ್ತಿರದ ಅಂಗನವಾಡಿಯ ಮಕ್ಕಳ ರಕ್ತವನ್ನು ಪರೀಕ್ಷಿಸುವುದು ಸಾಧ್ಯವೇ? ಬಜೆಯ ಬಗ್ಗೆ ಪರಸ್ಪರ ವಿರುದ್ಧವಾದ ಮಾತುಗಳನ್ನು ಕೇಳಿದ್ದೇನೆ, ಅದರ ಬಗ್ಗೆಯೂ ತಿಳಿದವರು ಹೇಳಬೇಕಾಗಿ ವಿನಂತಿ.

ರಮಾಕಾಂತ, ಕಾರವಾರ

ಶ್ರುತಿ ಅವರೇ, ಜೀವರಸಾಯನ ಶಾಸ್ತ್ರವನ್ನು ಬಹಳ ಕಾಲ ಕಲಿಸಿ ಈಗ ನಿವೃತ್ತನಾಗಿರುವವನ ಮಾತೆಂದು ಇದನ್ನು ಓದಿಕೊಳ್ಳಿ.

ಡಿಪಿಪಿಎಚ್ ಎಂಬುದು ನೇರಳೆ ಬಣ್ಣದ ಒಂದು ಕೃತಕ ವಸ್ತು. ಅದು ಮನುಷ್ಯನ ದೇಹದಲ್ಲಿ ಎಲ್ಲಿಯೂ ಇಲ್ಲ. ಸಸ್ಯದ ಸಾರವನ್ನು ಬೆರೆಸಿದಾಗ 517 ನ್ಯಾನೋಮೀಟರ್‌ನಲ್ಲಿ ಬಣ್ಣ ಎಷ್ಟು ಇಳಿಯಿತೆಂದು ನೋಡುವುದಷ್ಟೇ ಆ ಪರೀಕ್ಷೆ. ಅದು ಸುಲಭ, ಅಗ್ಗ, ಮತ್ತು ಯಾವ ಎಲೆಯನ್ನು ಕೊಟ್ಟರೂ ಏನಾದರೊಂದು ಅಂಕಿಯನ್ನು ಕೊಡುತ್ತದೆ. ಅದಕ್ಕೇ ಅಷ್ಟು ಜನಪ್ರಿಯ. ಆದರೆ ನಿಮ್ಮ ವಿಷಯಕ್ಕೆ ಅದು ಬರಿಯ ಅಪ್ರಸ್ತುತವಲ್ಲ, ದಾರಿ ತಪ್ಪಿಸುವಂಥದ್ದೂ ಹೌದು. ಡಿಪಿಪಿಎಚ್‌ನ ಬಣ್ಣವನ್ನು ಚೆನ್ನಾಗಿ ಇಳಿಸುವ ಪಾಲಿಫೀನಾಲ್‌ ಎಂಬ ಸಸ್ಯಜನ್ಯ ವಸ್ತುಗಳಲ್ಲಿ ಹಲವು, ಅದರಲ್ಲೂ ಪಕ್ಕಪಕ್ಕದಲ್ಲಿ ಎರಡು ಮೂರು ಹೈಡ್ರಾಕ್ಸಿಲ್ ಗುಂಪುಗಳನ್ನು ಹೊಂದಿರುವಂಥವು, ಕರುಳಿನಲ್ಲಿ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಹಾಗಾಗಿ ನಿಮ್ಮ ಕೋಷ್ಟಕದಲ್ಲಿ ಮೊದಲ ಸ್ಥಾನ ಪಡೆದ ಎಲೆಯೇ, ರಕ್ತಹೀನತೆಯಿರುವ ಮಗುವಿನ ಮಟ್ಟಿಗೆ ಕೊನೆಯ ಸ್ಥಾನದ್ದಾಗಿರಬಹುದು. ಊಟದ ಜೊತೆ ಚಹಾ ಕುಡಿಸಬೇಡಿರೆಂದು ವೈದ್ಯರು ಹೇಳುವುದೂ ಇದೇ ಕಾರಣಕ್ಕೆ.

ಎರಡನೆಯ ತೊಡಕು ಪ್ರಮಾಣದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಕಬ್ಬಿಣ ಬೇಕು. ಒಂದೆಲಗದ 100 ಗ್ರಾಂ ಹಸಿ ಎಲೆಯಲ್ಲಿ 5 ಮಿಲಿಗ್ರಾಂ ಇದೆಯೆಂದೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮನೆಮಂದಿಗೆಲ್ಲ ಮಾಡಿದ ತಂಬುಳಿಯಲ್ಲಿ (ಎಲೆ ಅರೆದು ಮಜ್ಜಿಗೆ ಬೆರೆಸಿದ್ದು) ಮಗುವಿನ ಪಾಲಿಗೆ ಬರುವ ಎಲೆ 5 ಗ್ರಾಂ ದಾಟುವುದು ಕಷ್ಟ, ಅಂದರೆ ಕಾಲು ಮಿಲಿಗ್ರಾಂ ಕಬ್ಬಿಣ. ರಾಗಿಯ ಮಾತೂ ಹೆಚ್ಚು ಬೇರೆಯಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿದೆ. ಮಣ್ಣಿಗೆ 30 ಗ್ರಾಂ ಹಿಟ್ಟು ಹಾಕಿದರೆ ಸಿಗುವುದು 1.4 ಮಿಲಿಗ್ರಾಂ, ಅದರಲ್ಲಿ ಹೀರಿಕೊಳ್ಳುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ರಾಗಿಯ ಹೆಗ್ಗಳಿಕೆ ಇರುವುದು 100 ಗ್ರಾಮಿಗೆ 350 ಮಿಲಿಗ್ರಾಂ ಆಸುಪಾಸಿನ ಕ್ಯಾಲ್ಸಿಯಂನಲ್ಲಿ, ಕಬ್ಬಿಣದಲ್ಲಿ ಅಲ್ಲ.

ಆದ್ದರಿಂದ ನನ್ನ ಸಲಹೆಯೆಂದರೆ, ಆರು ಸಸ್ಯಗಳ ಪಟ್ಟಿಯನ್ನು ಬಿಟ್ಟು ಒಂದೆರಡು ತಿನಿಸುಗಳನ್ನು ಹಿಡಿಯಿರಿ. ಎಲೆಯ ಪುಡಿಯನ್ನಲ್ಲ, ಮಗು ತಿನ್ನುವ ರೂಪದಲ್ಲೇ ಇರುವ ತಂಬುಳಿಯನ್ನೋ ಮಣ್ಣಿಯನ್ನೋ ತೆಗೆದುಕೊಂಡು, ಅದರಲ್ಲಿರುವ ಕಬ್ಬಿಣದಲ್ಲಿ ಎಷ್ಟು ಪಾಲು ಹೀರಿಕೆಗೆ ಒದಗುತ್ತದೆ ಎಂಬುದನ್ನು ಗಾಜಿನ ಪಾತ್ರೆಯಲ್ಲೇ ಜೀರ್ಣಕ್ರಿಯೆ ನಡೆಸಿ ಅಳೆಯಬಹುದು. ಮಿಲ್ಲರ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ಮೂಲ. ಆಹಾರವನ್ನು ಪಿಎಚ್ 2ರಲ್ಲಿ ಪೆಪ್ಸಿನ್ ಎಂಬ ಜಠರದ ಕಿಣ್ವದ ಜೊತೆ 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಬಳಿಕ ಸೋಡಿಯಂ ಬೈಕಾರ್ಬೋನೇಟ್ ತುಂಬಿದ, ಸಣ್ಣ ಅಣುಗಳು ಮಾತ್ರ ದಾಟಬಲ್ಲ ಡಯಾಲಿಸಿಸ್ ಚೀಲವನ್ನು ಅದರೊಳಗೆ ಇಳಿಬಿಟ್ಟು ಪಿಎಚ್ ಅನ್ನು ನಿಧಾನವಾಗಿ 7ರ ಹತ್ತಿರಕ್ಕೆ ಏರಿಸಿ, ಪ್ಯಾಂಕ್ರಿಯಾಟಿನ್ (ಮೇದೋಜೀರಕದ ಕಿಣ್ವಗಳ ಮಿಶ್ರಣ) ಮತ್ತು ಪಿತ್ತರಸದ ಲವಣಗಳನ್ನು ಸೇರಿಸಿದರೆ, ಚೀಲದೊಳಕ್ಕೆ ದಾಟಿಬಂದ ಕಬ್ಬಿಣವೇ ಒದಗಬಲ್ಲ ಕಬ್ಬಿಣದ ಅಂದಾಜು. ಅದನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಕಬ್ಬಿಣದೊಂದಿಗೆ ಕೂಡಿ ಬಣ್ಣ ಕೊಡುವ ಫೆರೋಜೀನ್ ಸೇರಿಸಿದರೆ ಬರುವ ನೇರಳೆ ಬಣ್ಣವನ್ನು 562 ನ್ಯಾನೋಮೀಟರ್‌ನಲ್ಲಿ ಓದಬಹುದು. ಅದೇ ಮಾದರಿಯಲ್ಲಿ, ಧಾನ್ಯಗಳಲ್ಲಿದ್ದು ಕಬ್ಬಿಣದ ಹೀರಿಕೆಯನ್ನು ತಡೆಯುವ ಫೈಟೇಟ್ ಅನ್ನು ವೇಡ್ ಕಾರಕದಿಂದ ಅಳೆಯಿರಿ. ಫೈಟೇಟ್‌ನ ಮಿಲಿಗ್ರಾಮನ್ನು 660ರಿಂದಲೂ ಕಬ್ಬಿಣದ ಮಿಲಿಗ್ರಾಮನ್ನು 55.85ರಿಂದಲೂ ಭಾಗಿಸಿ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮೋಲಾರ್ ಅನುಪಾತ ಸಿಗುತ್ತದೆ. ಅದು 1ಕ್ಕಿಂತ ಕೆಳಗಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಮಿತಿ. ಮೊಳಕೆ ಬರಿಸಿದ ರಾಗಿಯಲ್ಲಿ ಫೈಟೇಟನ್ನು ಒಡೆಯುವ ಫೈಟೇಸ್ ಕಿಣ್ವ ಎಚ್ಚೆತ್ತು ಫೈಟೇಟ್ ಇಳಿಯುವುದನ್ನು ನೀವು ನಿಮ್ಮ ಕಣ್ಣಿನಿಂದಲೇ ಅಂಕಿಗಳಲ್ಲಿ ನೋಡುತ್ತೀರಿ.

ಇನ್ನೊಂದು ಮಾತು, ಸ್ವಲ್ಪ ಪಕ್ಕಕ್ಕೆ ಸರಿದರೂ ನಮ್ಮ ಜಿಲ್ಲೆಗೆ ಸಂಬಂಧಿಸಿದ್ದು. ಸಿದ್ದಾಪುರ, ಶಿರಸಿಯ ಕಾಡುಗಳಿಂದ ಸಂಗ್ರಹವಾಗುವ ಉಪ್ಪಾಗೆ ಎಂಬ ಹುಳಿ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್. ಅದು ಕೊಬ್ಬಿನ ತಯಾರಿಕೆಯ ಒಂದು ಕಿಣ್ವವನ್ನು ತಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಸಿದ್ಧವಾದ ಸಂಗತಿ. ಅದರ ಬೆನ್ನು ಹತ್ತಿ ತೂಕ ಇಳಿಸುವ ಗುಳಿಗೆಗಳ ದೊಡ್ಡ ವ್ಯಾಪಾರವೇ ಎದ್ದಿತು. ಆದರೆ 1998ರಲ್ಲಿ ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ನಡೆಸಿದ ನಿಯಂತ್ರಿತ ಪರೀಕ್ಷೆಯಲ್ಲಿ ಅದಕ್ಕೂ ಹುಸಿ ಗುಳಿಗೆಗೂ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಕಿಣ್ವದ ಮಟ್ಟದಲ್ಲಿ ನಿಜವಾದದ್ದು ಮನುಷ್ಯನ ಮಟ್ಟದಲ್ಲಿ ನಿಲ್ಲದೆ ಹೋಗಬಹುದು ಎಂಬುದಕ್ಕೆ ನಾನು ತರಗತಿಯಲ್ಲಿ ಯಾವಾಗಲೂ ಕೊಡುತ್ತಿದ್ದ ಉದಾಹರಣೆ ಇದು.

ಡಾ. ಅನುರಾಧಾ, ಕುಮಟಾ

ನಾನು ಮಕ್ಕಳ ವೈದ್ಯೆ. ರಮಾಕಾಂತ ಸರ್ ಹೇಳಿದ್ದನ್ನು ಒಪ್ಪುತ್ತ, ರಕ್ತ ಮತ್ತು ಬಜೆಯ ಎರಡು ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.

ಅಂಗನವಾಡಿಯ ಮಕ್ಕಳ ರಕ್ತವನ್ನು ಎಂ.ಎಸ್ಸಿ. ಪ್ರಬಂಧಕ್ಕಾಗಿ ತೆಗೆಯುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಅದಕ್ಕೆ ನೈತಿಕ ಸಮಿತಿಯ ಅನುಮತಿ, ಪೋಷಕರ ಲಿಖಿತ ಒಪ್ಪಿಗೆ, ಏಳು ವರ್ಷ ದಾಟಿದ ಮಕ್ಕಳಾದರೆ ಅವರದೇ ಸಮ್ಮತಿ, ರಕ್ತ ತೆಗೆಯಲು ತರಬೇತಾದವರು, ಮತ್ತು ಫಲಿತಾಂಶ ಕೆಟ್ಟದ್ದಾಗಿ ಬಂದರೆ ಆ ಮಗುವಿಗೆ ಚಿಕಿತ್ಸೆ ಕೊಡಿಸುವ ಏರ್ಪಾಟು, ಇಷ್ಟೂ ಬೇಕು. ಅವೆಲ್ಲ ಇದ್ದರೂ ಬರಿಯ ಹಿಮೋಗ್ಲೋಬಿನ್ ನೋಡಿದರೆ ಕಬ್ಬಿಣದ ಕಥೆ ಪೂರ್ತಿ ತಿಳಿಯುವುದಿಲ್ಲ. ಕಬ್ಬಿಣದ ದಾಸ್ತಾನನ್ನು ತೋರಿಸುವುದು ಫೆರಿಟಿನ್. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಲೀಟರಿಗೆ 12 ಮೈಕ್ರೋಗ್ರಾಮಿಗಿಂತ ಕಡಿಮೆಯಿದ್ದರೆ ಕೊರತೆಯೆಂದು ಲೆಕ್ಕ. ಆದರೆ ಜ್ವರ, ಕೆಮ್ಮು, ಸೋಂಕು ಇದ್ದಾಗ ಫೆರಿಟಿನ್ ತಾನಾಗಿಯೇ ಏರಿ ಕೊರತೆಯನ್ನು ಮುಚ್ಚಿಹಾಕುತ್ತದೆ. ಆಗ ಮಿತಿಯನ್ನು 30ಕ್ಕೆ ಏರಿಸಿ ನೋಡಬೇಕು, ಜೊತೆಗೆ ದೇಹದಲ್ಲಿ ಉರಿಯೂತವಿದೆಯೇ ಎಂದು ತೋರಿಸುವ ಸಿಆರ್‌ಪಿ ಎಂಬ ಪ್ರೋಟೀನನ್ನೂ ಅಳೆಯಬೇಕು. ಮಳೆಗಾಲದ ನಮ್ಮ ಕರಾವಳಿಯಲ್ಲಿ ಕೆಮ್ಮು ನೆಗಡಿಯಿಲ್ಲದ ಮಕ್ಕಳು ಎಷ್ಟು ಮಂದಿ ಸಿಗುತ್ತಾರೆ, ನೀವೇ ಹೇಳಿ.

ಅಳತೆಯ ವಿಧಾನ ಎಷ್ಟು ಮುಖ್ಯವೆಂಬುದಕ್ಕೆ ದೇಶಮಟ್ಟದ ಅಂಕಿಗಳನ್ನೇ ನೋಡಬಹುದು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 67.1ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂದಿತು. ಅದು ಬೆರಳ ತುದಿಯ ರಕ್ತದ ಅಳತೆ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ರಕ್ತನಾಳದಿಂದ ತೆಗೆದ ರಕ್ತವನ್ನು ಪ್ರಯೋಗಾಲಯದಲ್ಲಿ ನೋಡಿದಾಗ 1ರಿಂದ 4 ವರ್ಷದವರಲ್ಲಿ ಸುಮಾರು ಶೇ. 41 ಎಂದಿತು. ವಯಸ್ಸಿನ ಗುಂಪು ಸಂಪೂರ್ಣ ಒಂದೇ ಅಲ್ಲ, ನಿಜ. ಆದರೂ ಇಷ್ಟು ದೊಡ್ಡ ಅಂತರಕ್ಕೆ ರಕ್ತ ತೆಗೆದ ವಿಧಾನವೂ ಒಂದು ಕಾರಣವೆಂದು ತಜ್ಞರು ಚರ್ಚಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯೂ 2024ರಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ರಕ್ತಹೀನತೆಯನ್ನು ಗುರುತಿಸುವ ಹಿಮೋಗ್ಲೋಬಿನ್ ಮಿತಿಯನ್ನು ಡೆಸಿಲೀಟರಿಗೆ 11ರಿಂದ 10.5 ಗ್ರಾಮಿಗೆ ಇಳಿಸಿದೆ.

ಇನ್ನು ಬಜೆ. ನಾನು ಕೊಡಬೇಡಿರೆಂದೇ ಹೇಳುತ್ತೇನೆ. ಅದರ ಬೇರಿನ ಎಣ್ಣೆಯಲ್ಲಿರುವ ಬೀಟಾ-ಅಸರೋನ್ ಎಂಬ ವಸ್ತು ಇಲಿಗಳಲ್ಲಿ ಗೆಡ್ಡೆಗಳನ್ನು ಉಂಟುಮಾಡಿದ್ದು ಕಂಡುಬಂದ ಮೇಲೆ ಅಮೆರಿಕದಲ್ಲಿ 1968ರಲ್ಲಿಯೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಲಾಯಿತು. ಎಲ್ಲ ಕಡೆಯ ಬಜೆಯಲ್ಲಿ ಅದರ ಪ್ರಮಾಣ ಒಂದೇ ಅಲ್ಲ. ಉತ್ತರ ಅಮೆರಿಕದ, ವರ್ಣತಂತುಗಳ ಎರಡು ಪ್ರತಿಗಳಿರುವ ತಳಿಯಲ್ಲಿ ಅದು ಇಲ್ಲವೇ ಇಲ್ಲ, ನಮ್ಮ ದೇಶದ, ನಾಲ್ಕು ಪ್ರತಿಗಳಿರುವ ತಳಿಯಲ್ಲಿ ಬಹಳ ಹೆಚ್ಚು. ಹೆಚ್ಚಾಗಿ ಕೊಟ್ಟಾಗ ಹಸುಳೆಗಳಲ್ಲಿ ವಾಂತಿ ಮತ್ತು ಮಂಪರು ಕಾಣಿಸಿಕೊಳ್ಳಬಹುದು. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ ಬೇಡ ಎಂಬ ನಿಯಮವನ್ನು ಪಾಲಿಸಿದರೆ ತೇಯುವ ಮದ್ದಿನ ಪ್ರಶ್ನೆಯೇ ಬರುವುದಿಲ್ಲ. ಅಮೃತಬಳ್ಳಿಯ ಬಗ್ಗೆಯೂ ಎಚ್ಚರವಿರಲಿ: ಕೋವಿಡ್ ಕಾಲದಲ್ಲಿ ಅದನ್ನು ದಿನವೂ ಸೇವಿಸಿದ ಕೆಲವು ವಯಸ್ಕರಲ್ಲಿ ಯಕೃತ್ತಿನ ಉರಿಯೂತವಾದ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ವಾದ ಇತ್ಯರ್ಥವಾಗುವವರೆಗೆ ಮಕ್ಕಳ ಮೇಲೆ ಅದನ್ನು ಪ್ರಯೋಗಿಸುವ ಅಗತ್ಯವೇನೂ ನನಗೆ ಕಾಣುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಇರಲಾರದ ಒಂದು ಪೋಷಕಾಂಶವನ್ನು ಹೇಳದೆ ಮುಗಿಸಲಾರೆ. ಬಿ12 ಯಾವ ಸೊಪ್ಪಿನಲ್ಲಿಯೂ ಇಲ್ಲ. ತಾಯಿಯಲ್ಲಿ ಅದರ ಕೊರತೆಯಿದ್ದು ಮಗು ವರ್ಷದವರೆಗೂ ಎದೆಹಾಲನ್ನೇ ಬಹುವಾಗಿ ನೆಚ್ಚಿಕೊಂಡಿದ್ದರೆ, ಮಗು ಬಿಳಿಚಿಕೊಂಡು, ಕಲಿತ ನಗು ಆಟಗಳನ್ನು ಮರೆತು, ಕೈಕಾಲು ನಡುಗುವ ಸ್ಥಿತಿಗೆ ಬರಬಹುದು. ಕರಾವಳಿಯಲ್ಲಿ ಬಂಗಡೆ, ತಾರ್ಲೆ ತಿನ್ನುವ ಮನೆಗಳಲ್ಲಿ ಇದರ ಭಯ ಕಡಿಮೆ; ಹಾಲು ಮೊಸರನ್ನೂ ಅಷ್ಟಾಗಿ ತೆಗೆದುಕೊಳ್ಳದ ಸಸ್ಯಾಹಾರಿ ತಾಯಂದಿರಿಗೆ ಹೆಚ್ಚು. ಇಂಥ ಮಗುವಿಗೆ ಒಂದೆಲಗ ಬುದ್ಧಿಗೆ ಒಳ್ಳೆಯದೆಂದು ಅರೆದು ಕೊಡುತ್ತ ಕಾಯುವುದು ಅಪಾಯ.

ಸುಮತಿ, ಸಿದ್ದಾಪುರ

ತಂಗಿ, ನಾನು ಓದಿದವಳಲ್ಲ, ಆದರೆ ಮನೆಯಲ್ಲಿ ಮೂರು ತಲೆಮಾರಿನ ಮಕ್ಕಳಿಗೆ ಊಟ ಹಾಕಿದ್ದೇನೆ, ಅದರಿಂದ ಬರೆಯುತ್ತಿದ್ದೇನೆ. ಬಜೆಯನ್ನು ನಮ್ಮಲ್ಲಿ ಹಸಿಯಾಗಿ ಕೊಡುವ ಪದ್ಧತಿಯಿರಲಿಲ್ಲ. ದೀಪದಲ್ಲಿ ಸುಟ್ಟು, ತೇಯುವ ಕಲ್ಲಿನ ಮೇಲೆ ಒಂದು ಸುತ್ತು ಮಾತ್ರ ತೇದು ನೆಕ್ಕಿಸುತ್ತಿದ್ದರು. ಡಾಕ್ಟರು ಬೇಡವೆಂದ ಮೇಲೆ ನನ್ನ ಮೊಮ್ಮಕ್ಕಳಿಗೆ ಕೊಡಲಿಲ್ಲ. ಸುಟ್ಟರೆ ಆ ವಿಷ ಹೋಗುತ್ತದೆಯೇ ಎಂಬುದನ್ನು ನಿಮ್ಮಂಥವರು ನೋಡಿ ಹೇಳಿದರೆ ಉಪಕಾರವಾದೀತು.

ತಂಬುಳಿಯ ವಿಷಯಕ್ಕೆ ಬಂದರೆ, ಎಲ್ಲ ತಂಬುಳಿಯೂ ಒಂದೇ ಬಗೆಯದಲ್ಲ. ಒಂದೆಲಗವನ್ನು ಬೇರು ಸಮೇತ ತಂದು ತೊಳೆದು, ಬೇಯಿಸದೆ, ಹಸಿ ಕಾಯಿತುರಿ, ಜೀರಿಗೆ, ಕಾಳುಮೆಣಸಿನ ಜೊತೆ ಅರೆದು ಮಜ್ಜಿಗೆ ಬೆರೆಸುತ್ತೇವೆ. ದೊಡ್ಡಪತ್ರೆ, ಚಗಟೆ ಕುಡಿಗಳನ್ನು ಮೊದಲು ತುಪ್ಪದಲ್ಲಿ ಬಾಡಿಸಿಕೊಳ್ಳುತ್ತೇವೆ, ಅದೂ ಕಬ್ಬಿಣದ ಬಾಣಲೆಯಲ್ಲಿ. ಪುಡಿ ಮಾಡಿ ಪರೀಕ್ಷೆ ಮಾಡಿದರೆ ಇದಾವುದೂ ಲೆಕ್ಕಕ್ಕೆ ಬರುವುದಿಲ್ಲವಲ್ಲ? ಮತ್ತೆ, ಮಕ್ಕಳಿಗೆ ಖಾರವಾಗುತ್ತದೆಂದು ಮೆಣಸನ್ನು ಹಾಕದೆ ತೆಗೆದಿಡುವುದೂ ಉಂಟು. ನೀವು ಬಂದರೆ ಮಾಡಿ ತೋರಿಸುತ್ತೇನೆ.

ಶ್ರುತಿ, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ಸುಮತಕ್ಕಾ, ಖಂಡಿತವಾಗಿ ಬರುತ್ತೇನೆ, ಅಳತೆಗೆ ಒಂದು ತಕ್ಕಡಿಯನ್ನೂ ತರುತ್ತೇನೆ. ಒಬ್ಬ ಮಗುವಿನ ಪಾಲಿಗೆ ನಿಜವಾಗಿ ಎಷ್ಟು ಎಲೆ ಬರುತ್ತದೆಂಬುದನ್ನು ಐದಾರು ಮನೆಗಳಲ್ಲಿ ತೂಗಿ ಬರೆದುಕೊಂಡರೆ ರಮಾಕಾಂತ ಸರ್ ಊಹಿಸಿದ 5 ಗ್ರಾಮಿನ ಅಂಕಿಗೆ ಆಧಾರ ಸಿಗುತ್ತದೆ. ರಕ್ತ ಪರೀಕ್ಷೆಯನ್ನು ಕೈಬಿಟ್ಟಿದ್ದೇನೆ. ಬಜೆ ಮತ್ತು ಅಮೃತಬಳ್ಳಿಯನ್ನು ಪಟ್ಟಿಯಿಂದ ತೆಗೆದಿದ್ದೇನೆ. ಸುಟ್ಟ ಬಜೆಯ ಪ್ರಶ್ನೆ ಬಹಳ ಒಳ್ಳೆಯದಾದರೂ ಅಸರೋನ್ ಅನ್ನು ನಂಬಿಕೆಯಿಂದ ಅಳೆಯಲು ಬೇಕಾದ ಕ್ರೊಮ್ಯಾಟೋಗ್ರಫಿ ನಮ್ಮಲ್ಲಿಲ್ಲ. ಒಂದೆಲಗದ ತಂಬುಳಿ ಮತ್ತು ಮೊಳಕೆ ಬರಿಸಿದ ಹಾಗೂ ಬರಿಸದ ರಾಗಿಯ ಮಣ್ಣಿ, ಇವಿಷ್ಟನ್ನು ಉಳಿಸಿಕೊಂಡಿದ್ದೇನೆ.

ಸರ್, ಒಂದು ಸಂದೇಹ. ಕಬ್ಬಿಣದ ಬಾಣಲೆಯಿಂದ ಬರುವ ಕಬ್ಬಿಣವನ್ನು ಹೇಗೆ ಬೇರ್ಪಡಿಸಿ ನೋಡುವುದು? ಮಜ್ಜಿಗೆಯ ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ತಡೆಯುವುದಿಲ್ಲವೇ?

ರಮಾಕಾಂತ, ಕಾರವಾರ

ಬಾಣಲೆಯ ಪ್ರಶ್ನೆಗೆ ಉತ್ತರ ಸರಳವಾಗಿದೆ. ಒಂದೇ ಕೊಯ್ಲಿನ ಸೊಪ್ಪನ್ನು ಎರಡು ಪಾಲು ಮಾಡಿ, ಒಂದನ್ನು ಕಬ್ಬಿಣದ ಬಾಣಲೆಯಲ್ಲಿ, ಇನ್ನೊಂದನ್ನು ಗಾಜಿನ ಬೀಕರಿನಲ್ಲಿ ಬಾಡಿಸಿ ವ್ಯತ್ಯಾಸ ನೋಡಿ. ಆದರೆ ನೀವು ಉಳಿಸಿಕೊಂಡಿರುವ ಒಂದೆಲಗ ಬಾಣಲೆಗೆ ಹೋಗುವುದೇ ಇಲ್ಲವಲ್ಲ, ಅದು ನಿಮ್ಮ ಅದೃಷ್ಟ. ಹಸಿಯಾಗಿ ಅರೆಯುವುದರಿಂದ ಇನ್ನೊಂದು ಲಾಭವೂ ಇದೆ: ಬೇಯಿಸಿದರೆ ನಾಶವಾಗುವ ವಿಟಮಿನ್ ಸಿ ಬಹುಮಟ್ಟಿಗೆ ಉಳಿಯುತ್ತದೆ, ಮತ್ತು ಕಬ್ಬಿಣದ ಹೀರಿಕೆಗೆ ಅದಕ್ಕಿಂತ ಒಳ್ಳೆಯ ಸಹಾಯಕ ಇನ್ನೊಂದಿಲ್ಲ.

ಮಜ್ಜಿಗೆಯ ಬಗ್ಗೆ ನಿಮ್ಮ ಶಂಕೆ ನ್ಯಾಯವಾದದ್ದು. ಕ್ಯಾಲ್ಸಿಯಂ ತಡೆಯುತ್ತದೆ, ಲ್ಯಾಕ್ಟಿಕ್ ಆಮ್ಲ ನೆರವಾಗುತ್ತದೆ. ಈ ಎರಡರಲ್ಲಿ ಯಾವುದು ಮೇಲುಗೈ ಸಾಧಿಸುತ್ತದೆಂದು ಕುಳಿತಲ್ಲಿಯೇ ಹೇಳುವುದಕ್ಕಿಂತ ಅಳೆದು ನೋಡುವುದು ಮೇಲು. ನಿಮ್ಮ ಪ್ರಬಂಧದ ತಿರುಳೇ ಅದಾಗಲಿ ಎಂದು ನಾನು ಹೇಳುತ್ತೇನೆ. ಬರಿಯ ಎಲೆ, ಎಲೆ ಮತ್ತು ಕಾಯಿ, ಎಲೆ ಕಾಯಿ ಮಜ್ಜಿಗೆ ಮೂರೂ ಸೇರಿದ್ದು, ಅದರ ಜೊತೆಗೆ ಅನ್ನ ಕಲಸಿದ್ದು ಎಂದು ನಾಲ್ಕು ಹಂತದಲ್ಲಿ ಡಯಾಲಿಸಿಸ್ ಮಾಡಿ. ಮಗು ತಂಬುಳಿಯನ್ನು ಅನ್ನವಿಲ್ಲದೆ ತಿನ್ನುವುದಿಲ್ಲ. ಫಲಿತಾಂಶ ಚಿಕ್ಕ ಅಂಕಿಯಾಗಿ ಬಂದರೆ ಅಳುಕಬೇಡಿ. ಸರಕಾರದ ಕಬ್ಬಿಣದ ಸಿರಪ್ಪಿನಲ್ಲಿ ವಾರಕ್ಕೆ ಎರಡು ಬಾರಿ ಕೊಡುವ 1 ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅದರ ಬದಲಿಗೆ ತಂಬುಳಿ ಸಾಲದು ಎಂದು ಅಂಕಿಯೊಂದಿಗೆ ತೋರಿಸುವುದೂ ಉಪಯುಕ್ತವಾದ ಸಂಶೋಧನೆಯೇ.

ನಾಗರಾಜ, ಅಂಕೋಲಾ

ಆಹಾರ ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಮೇಲಿನ ಚರ್ಚೆಯಲ್ಲಿ ಬಾರದ ಒಂದು ವಿಷಯವಿದೆ, ಅದು ಪ್ರಬಂಧವನ್ನು ಬುಡಮೇಲು ಮಾಡಬಲ್ಲದು. ಒಂದೆಲಗ ನೆಲಕ್ಕೆ ಅಂಟಿಕೊಂಡು ಹಬ್ಬುವ ಗಿಡ. ನಮ್ಮ ಜಿಲ್ಲೆಯ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಹೇರಳವಾಗಿದೆ. ಎಲೆಯ ಮೇಲೆ, ಬೇರಿನ ಸಂದಿಯಲ್ಲಿ ಉಳಿದ ಚಿಟಿಕೆ ಮಣ್ಣು ನಿಮ್ಮ ಅಂಕಿಯನ್ನು ಎರಡು ಮೂರು ಪಟ್ಟು ಏರಿಸಬಹುದು, ಮತ್ತು ಆ ಕಬ್ಬಿಣದಿಂದ ಮಗುವಿಗೆ ಪ್ರಯೋಜನ ಬಹಳ ಕಡಿಮೆ. ಮಾದರಿಯಲ್ಲಿ ಅಲ್ಯೂಮಿನಿಯಂ ಅಥವಾ ಟೈಟಾನಿಯಂ ಎಷ್ಟಿದೆಯೆಂದು ನೋಡಿದರೆ ಮಣ್ಣಿನ ಬೆರಕೆ ಪತ್ತೆಯಾಗುತ್ತದೆ. ಎಲೆಗಳಲ್ಲಿ ಅವು ತಾವಾಗಿ ಇರುವುದು ಅತ್ಯಲ್ಪ. ಅದಕ್ಕೆ ಹೊರಗಿನ ಪ್ರಯೋಗಾಲಯಕ್ಕೆ ಎರಡೇ ಮಾದರಿ ಕಳಿಸಿದರೂ ಸಾಕು.

ಇನ್ನೂ ಒಂದಿದೆ. ನಮ್ಮ ಕಡೆ ಒಂದೆಲಗ ಸೊಂಪಾಗಿ ಬೆಳೆಯುವುದು ಅಡಿಕೆ ತೋಟದ ಕಾಲುವೆಯ ಅಂಚಿನಲ್ಲಿ, ಮತ್ತು ಅದೇ ತೋಟಕ್ಕೆ ಕೊಳೆರೋಗಕ್ಕಾಗಿ ಮಳೆಗಾಲದ ಮೊದಲು ಮತ್ತು ನಡುವೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ. ಅಡಿಕೆ ಗೊನೆಯಿಂದ ತೊಟ್ಟಿಕ್ಕುವ ತಾಮ್ರ ಕೆಳಗಿನ ಎಲೆಗಳ ಮೇಲೆಯೇ ಬೀಳುತ್ತದೆ. ಒಂದು ಮಾದರಿಯನ್ನು ತೋಟದೊಳಗಿನಿಂದ, ಇನ್ನೊಂದನ್ನು ಸಿಂಪಡಣೆ ತಾಗದ ಗದ್ದೆಯ ಬದುವಿನಿಂದ ತನ್ನಿ. ತಾಮ್ರವನ್ನು, ಅದರೊಂದಿಗೆ ಕೂಡಿ ಬಣ್ಣ ಕೊಡುವ ನಿಯೋಕ್ಯುಪ್ರೋಯಿನ್ ಬಳಸಿ ನಿಮ್ಮ ಸ್ಪೆಕ್ಟ್ರೋಫೋಟೋಮೀಟರಿನಲ್ಲಿಯೇ ಅಳೆಯಬಹುದು.

ಡಾ. ಅನುರಾಧಾ, ಕುಮಟಾ

ನಾಗರಾಜ ಅವರು ತಾಮ್ರದ ಮಾತೆತ್ತಿದ್ದು ಒಳ್ಳೆಯದಾಯಿತು. ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಎಳೆಯ ಮಕ್ಕಳ ಯಕೃತ್ತನ್ನು ಹಾಳುಮಾಡುತ್ತಿದ್ದ ಸಿರೋಸಿಸ್‌ಗೂ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಹಾಲು ಕಾಯಿಸಿಡುತ್ತಿದ್ದುದಕ್ಕೂ ಇರುವ ನಂಟನ್ನು 1980ರ ದಶಕದ ಅಧ್ಯಯನಗಳು ತೋರಿಸಿದವು. ಪಾತ್ರೆಗಳು ಬದಲಾದಂತೆ ಆ ರೋಗವೂ ಅಪರೂಪವಾಯಿತು. ತಂಬುಳಿಯ ಕೆಲವು ಎಲೆಗಳಿಂದ ಅಂಥದ್ದು ಆಗುತ್ತದೆ ಎಂದು ಯಾರೂ ಗಾಬರಿಯಾಗಬೇಕಿಲ್ಲ. ಆದರೆ ಸಿಂಪಡಣೆಯ ನಂತರ ಎಷ್ಟು ಮಳೆಯಾದ ಮೇಲೆ ಸೊಪ್ಪು ಕೊಯ್ಯಬಹುದು ಎಂದು ಕೇಳುವ ತಾಯಂದಿರಿಗೆ ಹೇಳಲು ನಮ್ಮ ಬಳಿ ಒಂದು ಅಂಕಿ ಇದ್ದರೆ ಚೆನ್ನ.

ಶ್ರುತಿ, ಶಿರಸಿ

ತೋಟದ್ದು ಮತ್ತು ಬದುವಿನದ್ದು ಎಂದು ಎರಡು ಮಾದರಿಗಳನ್ನು ತೆಗೆಯುತ್ತೇನೆ. ಇನ್ನೊಂದು ಚಿಕ್ಕ ಪ್ರಶ್ನೆ: ಹಳ್ಳಿಯಿಂದ ಪ್ರಯೋಗಾಲಯಕ್ಕೆ ತರುವವರೆಗೆ ಎಲೆಗಳನ್ನು ಒಣಗಿಸಿಡಬಹುದೇ, ಅಥವಾ ಹಸಿಯಾಗಿಯೇ ತರಬೇಕೇ?

ನಾಗರಾಜ, ಅಂಕೋಲಾ

ಕಬ್ಬಿಣ, ತಾಮ್ರಕ್ಕೆ ಮಾತ್ರವಾದರೆ ಒಣಗಿಸಿದರೂ ನಡೆಯುತ್ತದೆ. ಆದರೆ ನೀವು ಅಳೆಯಹೊರಟಿರುವುದು ತಂಬುಳಿಯಾದ್ದರಿಂದ ಒಣಗಿಸಬೇಡಿ, ವಿಟಮಿನ್ ಸಿ ಮೊದಲು ಹೋಗುವುದೇ ಅಲ್ಲಿ. ಎಲೆಯನ್ನು ತೊಳೆದು, ಕೊನೆಯಲ್ಲಿ ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಾಡಿಸಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ತನ್ನಿ, ಅದೇ ದಿನ ಅರೆದು ಮುಗಿಸಿ. ಅರೆಯಲು ಮಿಕ್ಸಿಯ ಬದಲು ಕಲ್ಲಿನ ಒರಳನ್ನೇ ಬಳಸುವುದಾದರೆ, ಎಲೆಯಿಲ್ಲದೆ ಬರಿಯ ಬಟ್ಟಿ ಇಳಿಸಿದ ನೀರನ್ನು ಅದೇ ಒರಳಿನಲ್ಲಿ ಅಷ್ಟೇ ಹೊತ್ತು ತಿರುವಿ, ಆ ನೀರಿನ ಕಬ್ಬಿಣವನ್ನೂ ಅಳೆದು ಕಳೆಯಿರಿ. ಗಾಜಿನ ಸಾಮಾನುಗಳನ್ನೆಲ್ಲ ಹಿಂದಿನ ರಾತ್ರಿಯೇ ಶೇ. 10ರ ನೈಟ್ರಿಕ್ ಆಮ್ಲದಲ್ಲಿ ನೆನೆಹಾಕಿಡಿ.